3.7 ಇಂಚಿನ ಬೆಟ್ಟದ ಫಿರಂಗಿ: ನಳಿಗೆಯ ಎರಡು ತುಂಡು ಕೊನೆಗೂ ಒಂದೇ ಗೆರೆಗೆ ಬಂದವು

ನಿನ್ನೆ ರಾತ್ರಿ ಹನ್ನೊಂದೂವರೆಗೆ, ನಾನು ಮಾಡುತ್ತಿರುವ ಪುಟ್ಟ ಫಿರಂಗಿ ಮಾದರಿಯ ನಳಿಗೆಯ ಓಲಾಟ ಅಳೆಯುವ ಡಯಲ್ ಗೇಜಿನ ಮುಳ್ಳು 0.02 ಮಿ.ಮೀ.ನಲ್ಲಿ ನಿಂತಿತು. ನಟ್ ಬಿಚ್ಚಿ ಎರಡೂ ತುಂಡು ಬೇರೆ ಮಾಡಿದೆ. ಮತ್ತೆ ಸೇರಿಸಿ ಬಿಗಿದೆ. ಮತ್ತೆ 0.02. ಹೀಗೆ ಹತ್ತು ಸಲ ನೋಡಿದೆ, ಹತ್ತೂ ಸಲ ಅಷ್ಟೇ. ಮನೆಯವರೆಲ್ಲ ಮಲಗಿದ್ದರು, ಇಲ್ಲದಿದ್ದರೆ ಕೂಗಿಯೇ ಬಿಡುತ್ತಿದ್ದೆ. ಐದು ವಾರದಿಂದ ಈ ಒಂದು ಜೋಡಣೆಯ ಹಿಂದೆ ಬಿದ್ದಿದ್ದೆ.

ಚಕ್ರ, ಅಚ್ಚು, ಕವಲು ಬಾಲ (ಫಿರಂಗಿಯ ಹಿಂದೆ ನೆಲಕ್ಕೆ ಊರುವ ಎರಡು ಕಾಲು) ಎಲ್ಲಾ ಹಿಂದೆಯೇ ಮುಗಿದಿವೆ. ಅವುಗಳ ಬಗ್ಗೆ ಮತ್ತೆ ಹೇಳುವುದಿಲ್ಲ. ಅಳತೆ 1:8, ಅಂದರೆ ಅಸಲಿ 94 ಮಿ.ಮೀ. ರಂಧ್ರ ನನ್ನಲ್ಲಿ 11.75. ನಳಿಗೆ ಒಂದು ಗೇಣಿಗಿಂತ ಚಿಕ್ಕದು. ಇದು ನೋಡುವುದಕ್ಕೆ ಮಾತ್ರ ಮಾಡಿದ ಮಾದರಿ, ಹಿಂದಿನ ತುದಿ ಗಟ್ಟಿ ಹಿತ್ತಾಳೆ. ಆದರೆ ಬಿಚ್ಚಿ ಜೋಡಿಸುವ ಕೆಲಸ ಮಾತ್ರ ಅಸಲಿಯ ಹಾಗೇ ಆಗಬೇಕು ಅಂತ ಮೊದಲ ದಿನವೇ ತೀರ್ಮಾನ ಮಾಡಿದ್ದೆ. ಈ ಫಿರಂಗಿಯ ಜೀವ ಇರುವುದೇ ಅದರಲ್ಲಿ.

ಬೆಟ್ಟದ ಫಿರಂಗಿಯ ಇಡೀ ಲೆಕ್ಕ ಹೇಸರಗತ್ತೆಯ ಬೆನ್ನಿನಿಂದ ಶುರುವಾಗುತ್ತದೆ. ಒಂದು ಪ್ರಾಣಿ ಎಷ್ಟು ಹೊರಬಲ್ಲದೋ ಅದಕ್ಕಿಂತ ಭಾರದ ತುಂಡು ಯಾವುದೂ ಇರಬಾರದು. ನಳಿಗೆ ಒಂದೇ ತುಂಡಾದರೆ ಅದು ಗಿಡ್ಡವಾಗಲೇಬೇಕು. ಗಿಡ್ಡವಾದರೆ ಗುಂಡಿಗೆ ವೇಗ ಕಡಿಮೆ. 1879ರಲ್ಲಿ ಬಂದ ಬ್ರಿಟಿಷರ 2.5 ಇಂಚಿನ ಫಿರಂಗಿ ಈ ಕಟ್ಟನ್ನು ಮುರಿಯಿತು. ನಳಿಗೆಯನ್ನೇ ಎರಡು ಮಾಡಿ ಎರಡು ಹೇಸರಗತ್ತೆಗಳ ಮೇಲೆ ಹೇರಿದರು, ಬೆಟ್ಟದ ಮೇಲೆ ಅದನ್ನು ತಿರುಪಿ ಸೇರಿಸಿದರು. ಅದಕ್ಕೇ ಸೈನಿಕರ ಬಾಯಲ್ಲಿ ಅದು 'ಸ್ಕ್ರೂ ಗನ್' ಆಯಿತು. ಅದರ ದೊಡ್ಡ ಕುಂದು ಕಪ್ಪು ಮದ್ದಿನ ಹೊಗೆ. ದಕ್ಷಿಣ ಆಫ್ರಿಕಾದ ಯುದ್ಧದಲ್ಲಿ ಆ ಹೊಗೆಯೇ ಫಿರಂಗಿ ಎಲ್ಲಿದೆ ಅಂತ ಶತ್ರುವಿಗೆ ತೋರಿಸಿಕೊಟ್ಟಿತು.

ಆಮೇಲೆ 1901ರಲ್ಲಿ 10 ಪೌಂಡರ್, ಅಂದರೆ 10 ಪೌಂಡ್ ಗುಂಡಿನ ಫಿರಂಗಿ ಬಂತು. ಹೊಗೆಯ ಕಾಟ ತಪ್ಪಿತು, ಆದರೆ ಹಿಂದೊದೆತ ತಡೆಯುವ ಏರ್ಪಾಡು ಅದರಲ್ಲೂ ಇರಲಿಲ್ಲ. ಪ್ರತಿ ಗುಂಡಿಗೂ ಇಡೀ ಫಿರಂಗಿ ಹಿಂದಕ್ಕೆ ಉರುಳುತ್ತಿತ್ತು, ಸೈನಿಕರು ಅದನ್ನು ಮತ್ತೆ ಜಾಗಕ್ಕೆ ತಳ್ಳಬೇಕಿತ್ತು. 1915ರ ಏಪ್ರಿಲ್ 25ರಂದು ಟರ್ಕಿಯ ಗಲಿಪೊಲಿಯ ಆನ್ಜಾಕ್ ದಡದಲ್ಲಿ ಇಳಿದ ಭಾರತೀಯ ಬ್ಯಾಟರಿಗಳ (ಫಿರಂಗಿ ದಳಗಳ) ಬಳಿ ಇದ್ದದ್ದು ಇದೇ ಫಿರಂಗಿ. ಅಂಥಾ ಕಡಿದಾದ ಇಳಿಜಾರಿನಲ್ಲಿ ಇದನ್ನು ತಳ್ಳಿ ತಳ್ಳಿ ಹಾರಿಸಿದ್ದಾರೆ ಅಂದರೆ ನನಗೆ ಇವತ್ತಿಗೂ ಮೈ ಜುಂ ಅನ್ನುತ್ತದೆ.

ನಾನು ಮಾಡುತ್ತಿರುವ 3.7 ಇಂಚಿನ ಹೋವಿಟ್ಜರ್ (ಗುಂಡನ್ನು ಎತ್ತರಕ್ಕೆ ಹಾರಿಸಿ ಬೀಳಿಸುವ ಗಿಡ್ಡ ನಳಿಗೆಯ ಫಿರಂಗಿ) 1917ರಲ್ಲಿ ಯುದ್ಧಕ್ಕೆ ಇಳಿಯಿತು. ಭಾರ ಸುಮಾರು 730 ಕಿಲೊ, ಹೊರೆ 8. ಭಾಗಿಸಿ ನೋಡಿದರೆ ಒಂದು ಹೊರೆಗೆ ಸುಮಾರು 91 ಕಿಲೊ, ಜೀನಿನ ಭಾರ ಬೇರೆ. ಗುಂಡು 20 ಪೌಂಡ್, ಅಂದರೆ 9 ಕಿಲೊ ಚಿಲ್ಲರೆ. ದೂರ ಸುಮಾರು 5,400 ಮೀಟರ್. ಬಾಲ ಎರಡಾಗಿ ತೆರೆದುಕೊಳ್ಳುವುದರಿಂದ ಇಡೀ ಫಿರಂಗಿ ಅಲ್ಲಾಡಿಸದೆ ನಳಿಗೆಯನ್ನು ಎಡಕ್ಕೆ 20, ಬಲಕ್ಕೆ 20 ಡಿಗ್ರಿ ತಿರುಗಿಸಬಹುದು. ಕಾಲಿಡಲೂ ಜಾಗ ಸಾಲದ ಬೆಟ್ಟದ ನೆತ್ತಿಯಲ್ಲಿ ಇದು ಎಂಥಾ ಅನುಕೂಲ ಅಲ್ವಾ?

ಸರಿ, ಈಗ ನನ್ನ ಜೋಡಣೆಗೆ ಬರುತ್ತೇನೆ.

ಮಾದರಿಯಲ್ಲಿ ನಾನು ಮಾಡಿಕೊಂಡ ಏರ್ಪಾಡು ಹೀಗೆ. ಮುಂದಿನ ತುಂಡಿನ ಬುಡದಲ್ಲಿ ಒಂದು ಬಳೆಯಂಥ ಅಂಚು. ನಟ್ ಆ ಅಂಚನ್ನು ಹಿಡಿದುಕೊಂಡು ಹಿಂದಿನ ತುಂಡಿನ ಥ್ರೆಡ್ (ತಿರುಪಿನ ಸುರುಳಿ ಗೆರೆ) ಮೇಲೆ ತಿರುಗುತ್ತದೆ. ನೀರಿನ ಪೈಪಿನ ಯೂನಿಯನ್ ಬಿಚ್ಚಿದವರಿಗೆ ತಕ್ಷಣ ಅರ್ಥವಾಗುತ್ತದೆ. ನಟ್ ಮಾತ್ರ ತಿರುಗಬೇಕು, ನಳಿಗೆ ತಿರುಗಬಾರದು. ಅದಕ್ಕೆ ಒಂದು ಪುಟ್ಟ ಕೀ, ಅಂದರೆ ತಿರುಗದಂತೆ ತಡೆಯುವ ಬೆಣೆ ಕೊಟ್ಟೆ.

ಮೊದಲ ಸಲ ಥ್ರೆಡ್ಡನ್ನೇ ನಂಬಿದೆ. ಬಿಗಿಯಾಗಿ ತಿರುಪಿದರೆ ತಾನೇ ನೇರವಾಗುತ್ತದೆ ಅಂದುಕೊಂಡೆ. ನಳಿಗೆಯ ಬಾಯಿಯ ಹತ್ತಿರ ಗೇಜ್ ಇಟ್ಟರೆ 0.6 ಮಿ.ಮೀ. ಓಲಾಟ. ಮತ್ತೆ ಬಿಗಿದರೆ 0.4. ಇನ್ನೊಮ್ಮೆ 0.7. ಪ್ರತಿ ಸಲ ಬೇರೆ ಬೇರೆ. ಥ್ರೆಡ್ಡಿನಲ್ಲಿ ಸಡಿಲ ಇದ್ದೇ ಇರುತ್ತದೆ, ಇಲ್ಲದಿದ್ದರೆ ಅದು ತಿರುಗುವುದೇ ಇಲ್ಲ. ಥ್ರೆಡ್ ಎಳೆಯುತ್ತದೆ ಅಷ್ಟೇ, ನಡುವಿಗೆ ತರುವುದಿಲ್ಲ.

ಎರಡನೆಯ ಸಲ ಮುಂದಿನ ತುಂಡಿಗೆ 4 ಮಿ.ಮೀ. ಉದ್ದದ ಮೂತಿ, ಹಿಂದಿನದಕ್ಕೆ ಅದು ಕೂರುವ ಗುಣಿ ಮಾಡಿದೆ. ಕೈಯಿಂದ ತಳ್ಳಿದರೆ ಗಾಳಿ ಹೊರಬರುವ ಸದ್ದು ಕೇಳುವಷ್ಟು ಬಿಗಿ. ಆದರೂ 0.3! ಈ ಸಲ ಮಾತ್ರ ಎಷ್ಟು ಸಲ ಬಿಚ್ಚಿ ಹಾಕಿದರೂ ಅದೇ 0.3, ಅದೇ ದಿಕ್ಕಿಗೆ. ಇದು ಒಳ್ಳೆಯ ಸುದ್ದಿ. ಪ್ರತಿ ಸಲ ಬದಲಾಗುವ ತಪ್ಪನ್ನು ಹಿಡಿಯುವುದು ಕಷ್ಟ, ಒಂದೇ ಕಡೆ ನಿಲ್ಲುವ ತಪ್ಪನ್ನು ಹುಡುಕಬಹುದು.

ಲೆಕ್ಕ ಹಾಕಿದೆ. ಎರಡು ತುಂಡು ಒಂದಕ್ಕೊಂದು ಒತ್ತುವ ಮುಖದ ಅಗಲ 16 ಮಿ.ಮೀ. ಅಲ್ಲಿಂದ ಬಾಯಿಗೆ 90. ಆ ಮುಖ 0.05 ಓರೆ ಇದ್ದರೆ ಸಾಕು, ಬಾಯಿಯಲ್ಲಿ ಅದು 0.28 ಆಗುತ್ತದೆ. ಮೂತಿ ಪಕ್ಕಕ್ಕೆ ಸರಿಯದಂತೆ ಹಿಡಿಯುತ್ತದೆ, ವಾಲದಂತೆ ಹಿಡಿಯುವುದು ಮುಖ. ನಾನು ಮುಖವನ್ನು ಒಮ್ಮೆ ಚಕ್ಕಿಗೆ (ಲೇತಿನಲ್ಲಿ ತುಂಡು ಹಿಡಿಯುವ ದವಡೆಗೆ) ಕಚ್ಚಿಸಿ ಕಡೆದಿದ್ದೆ, ರಂಧ್ರವನ್ನು ತುಂಡು ತಿರುಗಿಸಿ ಇನ್ನೊಮ್ಮೆ ಕಚ್ಚಿಸಿ ಕೊರೆದಿದ್ದೆ. ಮೂರು ದವಡೆಯ ಚಕ್ ಎರಡು ಸಲ ಒಂದೇ ಜಾಗದಲ್ಲಿ ಹಿಡಿಯುವುದಿಲ್ಲ ಅಂತ ನಮಗೆಲ್ಲ ಗೊತ್ತಿರುವುದೇ.

ಮತ್ತೆ ಶುರು ಮಾಡೋಣ ಅಂದರೆ ಹಿತ್ತಾಳೆ ಮುಗಿದಿತ್ತು. ತರಿಸಿದೆ. ಇಲ್ಲಿ ಸ್ವಲ್ಪ ಹೊಟ್ಟೆಯುರಿ ಹೇಳಿಕೊಳ್ಳಬೇಕು. ಲೇತಿಗೆ ಸುಲಭವಾಗಿ ಬರುವ, ಪುಡಿಪುಡಿಯಾಗಿ ಚಿಮ್ಮುವ ಹಿತ್ತಾಳೆ ಬೇಕು ಅಂತ ಎರಡು ಸಲ ಬರೆದು ಹೇಳಿದ್ದೆ. ಹನ್ನೆರಡು ದಿನ ಕಾಯಿಸಿ ಕಳಿಸಿದ್ದು ಅಂಟುಅಂಟಾಗಿ ಉದ್ದುದ್ದ ಸುರುಳಿ ಬರುವ ಜಾತಿ. 25 ಅಂತ ಚೀಟಿ ಇದ್ದ ಸರಳು ಒಂದು ಕಡೆ 24.8, ಅಡ್ಡಕ್ಕೆ ಅಳೆದರೆ 24.5. ಜೊತೆಗೆ ತರಿಸಿದ ಟ್ಯಾಪಿನ (ರಂಧ್ರದೊಳಗೆ ಥ್ರೆಡ್ ಕೊರೆಯುವ ಹತಾರದ) ಮೇಲೆ ಪಿಚ್, ಅಂದರೆ ಥ್ರೆಡ್ಡಿನ ಗೆರೆಗಳ ನಡುವಿನ ದೂರ 0.75 ಅಂತ ಕೆತ್ತಿತ್ತು, ಗೇಜ್ ಇಟ್ಟು ನೋಡಿದರೆ 1. ಮಾರುವವರು ಡಬ್ಬಿಗೆ ಹಾಕುವ ಮುಂಚೆ ಒಮ್ಮೆ ಅಳೆದು ನೋಡಿದ್ದರೆ ನನ್ನ ಎರಡು ವಾರ ಉಳಿಯುತ್ತಿತ್ತು. ವಾಪಸ್ ಕಳಿಸಿ, ಬೇರೆ ಕಡೆ ಹೇಳಿದೆ.

ಆ ಕಾಯುವ ದಿನಗಳಲ್ಲಿ ಕೈ ಸುಮ್ನೆ ಇರಲಿಲ್ಲ. ಮುಂದಿನ ಮಾದರಿಯ ನಕ್ಷೆ ಶುರು ಮಾಡಿದೆ: ಇಟಲಿಯ ಓಟೊ ಮೆಲಾರಾ 105 ಮಿ.ಮೀ., 1956ರ ಮಾದರಿ. 1,290 ಕಿಲೊ, 12 ತುಂಡು. ನನ್ನನ್ನು ಹಿಡಿದಿಟ್ಟಿರುವುದು ಅದರ ಚಕ್ರದ ತೋಳು. ಚಕ್ರವನ್ನು ಎರಡು ಎತ್ತರದಲ್ಲಿ ಕೂರಿಸಬಹುದು. ಒಂದು ಹೋವಿಟ್ಜರ್ ಕೆಲಸಕ್ಕೆ, ನಳಿಗೆ ಮೇಲಕ್ಕೆ ಎತ್ತಲು. ಇನ್ನೊಂದು ಟ್ಯಾಂಕ್ ಎದುರಿಸುವಾಗ, ಇಡೀ ಫಿರಂಗಿ ನೆಲಕ್ಕೆ ಅಂಟಿಕೊಂಡ ಹಾಗೆ ತಗ್ಗಾಗಿ ಕೂರಲು. ಅದೇ ಚಕ್ರ, ಅದೇ ತೋಳು, ಬರೀ ಜಾಗ ಬೇರೆ. ಎಷ್ಟು ಚಂದದ ಯೋಚನೆ! ಹನ್ನೆರಡೂ ತುಂಡು ಬಿಚ್ಚುವ ಹಾಗೆ ಮಾಡುವ ಆಸೆ ಇದೆ. ನಾಲ್ಕು ಹಾಳೆ ತುಂಬಿದೆ. ಇರಲಿ, ಇದು ಮುಗಿಯಲಿ ಮೊದಲು.

ಹೊಸ ಹಿತ್ತಾಳೆ ಬಂದ ಮೇಲೆ ಮುಖ, ಮೂತಿ, ರಂಧ್ರ ಮೂರನ್ನೂ ಚಕ್ಕಿನಿಂದ ಬಿಚ್ಚದೆ ಒಂದೇ ಕಚ್ಚಿನಲ್ಲಿ ಮಾಡಿದೆ. ಹಿಂದಿನ ತುಂಡಿಗೂ ಹಾಗೇ. ಈ ಸಲ ಆಗಲೇಬೇಕು ಅನ್ನಿಸಿತ್ತು. ಗೇಜ್ ಇಟ್ಟೆ. 0.2. ಅವತ್ತು ದೀಪ ಆರಿಸಿ ಎದ್ದು ಹೋಗಿಬಿಟ್ಟೆ. ಮೂರು ದಿನ ಲೇತ್ ಹತ್ತಿರ ಸುಳಿಯಲಿಲ್ಲ.

ನಾಲ್ಕನೆಯ ದಿನ ಮಾರ್ಕಿಂಗ್ ನೀಲಿ ನೆನಪಾಯಿತು, ಎರಡು ತುಂಡು ಎಲ್ಲಿ ತಾಗುತ್ತಿವೆ ಅಂತ ತೋರಿಸುವ ಬಣ್ಣ. ಒಂದು ಮುಖಕ್ಕೆ ತೆಳ್ಳಗೆ ಸವರಿ, ಸೇರಿಸಿ, ಬಿಗಿದು, ಬಿಚ್ಚಿದೆ. ಎದುರಿನ ಮುಖಕ್ಕೆ ನೀಲಿ ಹತ್ತಿರಲೇ ಇಲ್ಲ! ಗುಣಿಯ ಬಾಯಂಚಿನಲ್ಲಿ ಮಾತ್ರ ಕೂದಲೆಳೆಯಷ್ಟು ಒಂದು ನೀಲಿ ಉಂಗುರ, ಅದೂ ಅರ್ಧ ಸುತ್ತು. ಆಗ ಹೊಳೆಯಿತು. ನನ್ನ ಟೂಲಿನ ತುದಿ ಸ್ವಲ್ಪ ಗುಂಡಗಿದೆ. ಮೂತಿ ಮತ್ತು ಮುಖ ಸೇರುವ ಮೂಲೆಯಲ್ಲಿ ಆ ಗುಂಡು ಹಾಗೇ ಉಳಿದಿದೆ. ಗುಣಿಯ ಚೂಪು ಅಂಚು ಹೋಗಿ ಆ ಗುಂಡಿನ ಮೇಲೆ ಹತ್ತಿ ಕೂತಿದೆ. ಮುಖಕ್ಕೆ ಮುಖ ತಾಗಿಯೇ ಇಲ್ಲ. ನಾನು ಅಷ್ಟು ಕಷ್ಟಪಟ್ಟು ನೇರ ಮಾಡಿದ ಮುಖಗಳ ನಡುವೆ ಗಾಳಿ ಇತ್ತು.

ಪರಿಹಾರಕ್ಕೆ ಹತ್ತು ನಿಮಿಷ ಹಿಡಿಯಿತು. ಮೂಲೆಯಲ್ಲಿ 0.3 ಆಳದ ಒಂದು ಗೀರು ಒಳಕ್ಕೆ ತೆಗೆದೆ. ಎದುರಿನ ಅಂಚನ್ನೂ ಸ್ವಲ್ಪ ಮುರಿದೆ. ಮತ್ತೆ ನೀಲಿ ಸವರಿದರೆ ಇಡೀ ಮುಖದ ತುಂಬ ಒಂದೇ ಸಮ ಬಣ್ಣ. ಗೇಜಿನಲ್ಲಿ 0.02.

ಇದನ್ನು ಇಷ್ಟು ಉದ್ದ ಬರೆಯಲು ಕಾರಣ ಇದೆ. ನಟ್ ಬಿಗಿಯುತ್ತಾ ಕೂತಾಗ ಅಸಲಿ ಫಿರಂಗಿ ಮಾಡಿದವರ ಕೈಕೆಲಸ ಕಣ್ಣಮುಂದೆ ಬಂತು. ಹೇಸರಗತ್ತೆಯ ಬೆನ್ನಿನ ಮೇಲೆ ಮಳೆ, ಕೆಸರು, ಧೂಳು ತಿಂದ ಎರಡು ತುಂಡುಗಳು. ಅವನ್ನು ಸೇರಿಸಿದರೆ ಪ್ರತಿ ಸಲ ಅದೇ ಗೆರೆಗೆ ಬರಬೇಕು. 1944ರ ಏಪ್ರಿಲ್‌ನಲ್ಲಿ ನಾಗಾ ಬೆಟ್ಟಗಳ ಕೊಹಿಮಾವನ್ನು ಜಪಾನಿಯರು ಮುತ್ತಿದ್ದಾಗ ಎರಡು ಮೈಲಿ ಆಚೆ ಜೋತ್ಸೋಮಾದಿಂದ ಇದೇ 3.7 ಇಂಚಿನ ಫಿರಂಗಿಗಳು ಗುಂಡು ಹಾಕಿದವು. ಒಳಗಿದ್ದವರ ಜಾಗ ದಿನದಿನಕ್ಕೆ ಕುಗ್ಗುತ್ತಿತ್ತು. ಟೆನಿಸ್ ಅಂಗಳದ ಒಂದು ಬದಿಗೆ ಅವರು, ಇನ್ನೊಂದು ಬದಿಗೆ ಜಪಾನಿಯರು. ಗುಂಡು ಕೊಂಚ ಗುರಿ ತಪ್ಪಿದರೂ ಸ್ವಂತದವರ ಮೇಲೇ ಬೀಳುತ್ತಿತ್ತು. ನಳಿಗೆ ನೇರ ಇರುವುದು ಅಂದರೆ ಅಲ್ಲಿ ಅಷ್ಟು ದೊಡ್ಡ ವಿಷಯ.

ಮುಂದಿನ ಕೆಲಸ ಹಿಂದೊದೆತದ ಸಿಲಿಂಡರ್. ಅಸಲಿಯಲ್ಲಿ ನಳಿಗೆ ಹಿಂದಕ್ಕೆ ಜಾರುವ ದೂರ ಅದು ಎಷ್ಟು ಮೇಲಕ್ಕೆ ಎತ್ತಿದೆ ಅನ್ನುವುದರ ಮೇಲೆ ಬದಲಾಗುತ್ತದೆ. ನಳಿಗೆ ಮಲಗಿದ್ದಾಗ ಜಾಸ್ತಿ ಜಾರಬೇಕು, ಇಲ್ಲದಿದ್ದರೆ ಫಿರಂಗಿ ಕುಪ್ಪಳಿಸುತ್ತದೆ. ಎತ್ತಿದ್ದಾಗ ಕಡಿಮೆ ಜಾರಬೇಕು, ಇಲ್ಲದಿದ್ದರೆ ಹಿಂಭಾಗ ನೆಲಕ್ಕೆ ಬಡಿಯುತ್ತದೆ. ಇದನ್ನು 1:8ರಲ್ಲಿ ಒಂದು ಸಣ್ಣ ಕ್ಯಾಮ್ (ತಿರುಗುತ್ತಾ ಇನ್ನೊಂದು ತುಂಡನ್ನು ತಳ್ಳುವ ಬಿಲ್ಲೆ) ಇಟ್ಟು ತೋರಿಸಬಹುದು ಅಂತ ಲೆಕ್ಕ ಹಾಕಿದ್ದೇನೆ.

ಅದಕ್ಕೂ ಮುಂಚೆ ನಾಳೆ ಒಂದು ಚಿಕ್ಕ ತುಂಡು ಮಾಡುತ್ತೇನೆ: ಮೀಟುಗೋಲು, ಫಿರಂಗಿಯನ್ನು ಮೀಟಿ ಸರಿಸುವ ಕೋಲು. 1944ರ ಡಿಸೆಂಬರ್ 15-16ರ ರಾತ್ರಿ ಬರ್ಮಾದ ಕಲಾದಾನ್ ಕಣಿವೆಯಲ್ಲಿ ಹವಲ್ದಾರ್ ಉಮ್ರಾವ್ ಸಿಂಗ್ ತಮ್ಮ ಫಿರಂಗಿಯನ್ನು ಬಿಟ್ಟು ಕದಲಲಿಲ್ಲ. ಜಪಾನಿಯರ ಎರಡು ಕಂಪನಿ ಮೇಲೆ ಬಿದ್ದಿತ್ತು. ಕೈಬಾಂಬಿನಿಂದ ಎರಡು ಸಲ ಗಾಯವಾಗಿತ್ತು. ಗುಂಡು ಮುಗಿದ ಮೇಲೆ ಫಿರಂಗಿಯ ಕಬ್ಬಿಣದ ಕೋಲನ್ನೇ ಎತ್ತಿಕೊಂಡು ಹೊಡೆದಾಡಿದರು. ಆರು ಗಂಟೆಯ ನಂತರ ಸಿಕ್ಕಾಗ ತಲೆಯಲ್ಲಿ ಏಳು ಗಾಯ, ಸುತ್ತ ಹತ್ತು ಶತ್ರುಗಳ ಹೆಣ. ಆ ಫಿರಂಗಿ ಅದೇ ದಿನ ಮತ್ತೆ ಗುಂಡು ಹಾರಿಸಿತು. ಅವರಿಗೆ ವಿಕ್ಟೋರಿಯಾ ಕ್ರಾಸ್ ಬಂತು.

ಕೋಲಿಗೆ 4 ಮಿ.ಮೀ. ಉಕ್ಕಿನ ಸರಳು ತೆಗೆದಿಟ್ಟಿದ್ದೇನೆ. ಅದನ್ನು ಬಾಲದ ಮೇಲಿನ ಕೊಂಡಿಗೆ ಸಿಕ್ಕಿಸುವುದಿಲ್ಲ. ಫಿರಂಗಿಯ ಪಕ್ಕ, ಕೈಗೆ ಎಟಕುವ ಹಾಗೆ ನೆಲದ ಮೇಲೆ ಇಡುತ್ತೇನೆ.