ಕಾರಣ ಹೇಳು, ಬೇಟಾ

ಹೆಬ್ಬಾಳದ ನಮ್ಮ ಪಶುವೈದ್ಯಕೀಯ ಕಾಲೇಜಿಗೆ ಸೇರುವವರೆಗೆ ನಾನು ಕುದುರೆಯನ್ನು ಹತ್ತಿರದಿಂದ ನೋಡಿದ್ದು ಜಾತ್ರೆಯಲ್ಲಿ ಮಾತ್ರ. ಮನೆಯಲ್ಲಿದ್ದದ್ದು ಎರಡು ಎಮ್ಮೆ, ಒಂದು ಜೊತೆ ಎತ್ತು. ಕುದುರೆ ಸವಾರಿ, ಆರೈಕೆ ಕಲಿಸುವ ಎನ್‌ಸಿಸಿಯ ರಿಮೌಂಟ್ ಅಂಡ್ ವೆಟರಿನರಿ ಘಟಕಕ್ಕೆ ಹೆಸರು ಕೊಟ್ಟೆ ಅಂದಾಗ ಅಪ್ಪ ನಕ್ಕುಬಿಟ್ಟರು. 'ಕುದುರೆ ಕಂಡ್ರೆ ಕಾಲು ನೋವು ಅನ್ನೋಳು ನೀನು!'

ಮೊದಲ ತಿಂಗಳು ಯಾರೂ ನಮ್ಮನ್ನು ಕುದುರೆ ಹತ್ತಿಸಲಿಲ್ಲ. ಬೆಳಿಗ್ಗೆ 6ಕ್ಕೆ ಲಾಯ. ಲದ್ದಿ ಬಾಚು, ಮೈ ಉಜ್ಜು, ಗೊರಸು ಕೆರೆ, ಅಷ್ಟೇ. ಮೂತಿಗೆ ತೀರಾ ಹತ್ತಿರ ಮುಂದೆ, ಬಾಲದ ನೇರ ಹಿಂದೆ ಇರುವುದು ಕುದುರೆಗೆ ಕಾಣುವುದಿಲ್ಲ. ಅದಕ್ಕೇ ಮಾತಾಡಿಸುತ್ತಾ ಎಡ ಭುಜದ ಕಡೆಯಿಂದ ಹೋಗಬೇಕು. ಎಮ್ಮೆ ಹತ್ತಿರ ಹೋದ ಹಾಗೆ ನುಗ್ಗುತ್ತಿದ್ದ ನನಗೆ ಇದು ರೂಢಿಯಾಗಲು ಎರಡು ವಾರ ಹಿಡಿಯಿತು.

ಕೊನೆಗೂ ರಾಣಿ ಅನ್ನೋ ಕುದುರೆಗೆ ಜೀನು ಕಟ್ಟುವ ದಿನ ಬಂತು. ಪಟ್ಟಿ ಬಿಗಿಯುವಾಗ ಕೆಲವು ಕುದುರೆಗಳು ಮೈ ಉಬ್ಬಿಸಿ ನಿಲ್ಲುತ್ತವೆ. ನಾಲ್ಕು ಹೆಜ್ಜೆ ನಡೆಸಿ, ಮತ್ತೊಮ್ಮೆ ಬಿಗಿದು ಆಮೇಲೆ ಹತ್ತಬೇಕು. ನಾನು ಹತ್ತುವ ಆತುರದಲ್ಲಿದ್ದೆ. ಎಡ ರಿಕಾಪಿಗೆ ಕಾಲಿಟ್ಟು ಮೇಲೇಳುತ್ತಿದ್ದ ಹಾಗೇ ಜೀನು ಸುಯ್ಯನೆ ಅವಳ ಹೊಟ್ಟೆಯ ಕಡೆ ತಿರುಗಿತು. ನಾನು ಮಣ್ಣಲ್ಲಿ. ರಾಣಿ ಒಮ್ಮೆ ಕತ್ತು ತಿರುಗಿಸಿ ನೋಡಿ, ಸುಮ್ನೆ ನಿಂತಳು.

ಶನಿವಾರ ಮಧ್ಯಾಹ್ನ ಬೇರೆಯದೇ ಪಾಠ. ನಮಗೆ ತರಬೇತಿ ಕೊಡುವ ಉಸ್ತಾದರು ನಾಲ್ಕು ಕುದುರೆಗಳನ್ನು ಸಾಲಾಗಿ ನಿಲ್ಲಿಸುತ್ತಿದ್ದರು. ಯಾವುದು ಮೊದಲು, ಯಾವುದು ಕೊನೆ ಅಂತ ಚೀಟಿಯಲ್ಲಿ ಬರೆದು, ಎದ್ದು ನಿಂತು ಕಾರಣ ಹೇಳಬೇಕು. ಮೊದಲ ಸಲ ನಾನು, 'ಬಿಳಿದು ನೋಡೋಕೆ ಚೆನ್ನಾಗಿದೆ ಸರ್' ಅಂದೆ.

'ಮದುವೆ ಮೆರವಣಿಗೆಗೆ ಬೇಕಾ? ಕಾರಣ ಹೇಳು, ಬೇಟಾ.'

ಹಾಗೆ ಶುರುವಾಯಿತು ನೋಡುವುದು. ಭುಜ ಎಷ್ಟು ಓರೆ, ಬೆನ್ನು ಎಷ್ಟು ಉದ್ದ, ಕಾಲು ನೆಟ್ಟಗಿದೆಯಾ. ಆಮೇಲೆ ಬಾಯಿ, ವಯಸ್ಸು ತಿಳಿಯೋಕೆ. 5 ವರ್ಷಕ್ಕೆ ಹಾಲುಹಲ್ಲೆಲ್ಲ ಹೋಗಿರುತ್ತವೆ. ಕೆಳದವಡೆಯ ನಡುವಿನ ಬಾಚಿಹಲ್ಲಿನ ಗುಳಿ ಸುಮಾರು 6ಕ್ಕೆ ಸವೆಯುತ್ತದೆ, ಪಕ್ಕದ್ದು 7ಕ್ಕೆ, ಮೂಲೆಯದು 8ಕ್ಕೆ. ಪುಗಸಟ್ಟೆ ಎಮ್ಮೆಯ ಹಲ್ಲು ಎಣಿಸಬಾರದಂತೆ. ನಾವು ಸರ್ಕಾರಿ ಕುದುರೆಗಳ ಹಲ್ಲು ಎಣಿಸಿದ್ದೇ ಎಣಿಸಿದ್ದು! ಈಗ ನನ್ನ ಕೈಗೆ ಬರುವುದು ಹಸು, ಎಮ್ಮೆಗಳೇ ಜಾಸ್ತಿ. ಆದರೂ ದವಡೆಗೆ ಕೈ ಹಾಕುವಾಗ ಆ ಚೀಟಿಗಳು ನೆನಪಾಗುತ್ತವೆ.

ಒಂದು ಶನಿವಾರ ರಾಣಿ ಟ್ರಾಟಿನಲ್ಲಿ, ಅಂದರೆ ಮೆಲ್ಲೋಟದಲ್ಲಿ, ಕುಂಟುತ್ತಿದ್ದಳು. ಮುಂದಿನ ಬಲಗಾಲು ಊರಿದಾಗೆಲ್ಲ ತಲೆ ಕೆಳಗೆ ಹೋಗುತ್ತಿತ್ತು. 'ಬಲಗಾಲು ಸರ್' ಅಂದೆ, ಭಾರೀ ಧೈರ್ಯವಾಗಿ. ಸೀನಿಯರ್‌ಗಳೆಲ್ಲ ನಕ್ಕರು. ನೋಯುವ ಕಾಲು ಊರುವಾಗ ಭಾರ ಬೀಳದಿರಲಿ ಅಂತ ಕುದುರೆ ತಲೆ ಎತ್ತುತ್ತದೆ. ತಗ್ಗಿಸುವುದು ಚೆನ್ನಾಗಿರುವ ಕಾಲು ಊರಿದಾಗ. ಹಾಗಾದರೆ ಎಡಗಾಲು, ಅಲ್ವಾ?

ಉಸ್ತಾದರು ಎಡಗಾಲು ಎತ್ತಿ ತೋರಿಸಿದರು. ಗೊರಸಿನ ಸಂದಿಯಲ್ಲಿ ಗೋಲಿಯಷ್ಟು ಕಲ್ಲು ಕಚ್ಚಿಕೊಂಡಿತ್ತು. ಅವತ್ತು ಬೆಳಿಗ್ಗೆ ಆ ಗೊರಸು ಕೆರೆದವಳು ನಾನೇ.

ಕಲ್ಲು ಕಿತ್ತು ನನ್ನ ಅಂಗೈಗೆ ಹಾಕಿದರು. ಈ ಸಲ ಕಾರಣ ಕೇಳಲಿಲ್ಲ. ಮುಂದಿನ ಒಂದು ವಾರ ರಾಣಿಯ ನಾಲ್ಕೂ ಗೊರಸು ನನ್ನ ಪಾಲಿಗೆ ಬಂದವು.