ಹನ್ನೆರಡಕ್ಕೊಂದು ಫ್ರೀ, ಮಳೆಗಾಲದ ಸಕ್ಕರೆ

ಕುಮಟಾ, ಅಂಕೋಲಾ ಕಡೆಯ ಕಿರಾಣಿ ಅಂಗಡಿಗೆ ಸಾಮಾನ್ಯವಾಗಿ ಎರಡು ಕಡೆಯಿಂದ ಮಾಲು ಬರುತ್ತದೆ. ಸೋಪು, ಬಿಸ್ಕಿಟಿನಂಥ ಕಂಪನಿ ಮಾಲಿಗೆ ವಿತರಕರ ಸೇಲ್ಸ್‌ಮನ್ ವಾರಕ್ಕೊಮ್ಮೆ ಬಂದು ಆರ್ಡರ್ ಬರೆದುಕೊಳ್ಳುತ್ತಾನೆ. ಬೇಳೆ, ಸಕ್ಕರೆ ಹುಬ್ಬಳ್ಳಿಯಿಂದ ಅರಬೈಲ್ ಘಟ್ಟ ಇಳಿದು ಬರಬೇಕು. ಎರಡಕ್ಕೂ ಒಂದೇ ಲೆಕ್ಕ ಹಾಕಿದರೆ ಕೆಟ್ಟಿರಿ.

ಮೊದಲು ಸ್ಕೀಮು. ‘12ಕ್ಕೆ 1 ಫ್ರೀ’ ಅಂದರೆ ಶೇ. 8.3 ಉಳಿತಾಯ ಅಂತ ಬಹಳ ಜನ ಹೇಳುತ್ತಾರೆ. ಅಲ್ಲ, 13 ಪೀಸಿಗೆ 12ರ ದುಡ್ಡು ಕೊಟ್ಟಂತೆ, ಶೇ. 7.7 ಮಾತ್ರ. ಅದಕ್ಕೆ 4 ಬಾಕ್ಸ್ ಎತ್ತಲೇಬೇಕು ಎಂಬ ಕಂಡೀಷನ್ ಇದ್ದು, ನಿಮ್ಮಲ್ಲಿ ವಾರಕ್ಕೆ ಅರ್ಧ ಬಾಕ್ಸ್ ಹೋಗುವುದಾದರೆ ಅದು 8 ವಾರದ ಮಾಲು. ವಿತರಕರು ನಿಮಗೆ ಕೊಡುವ ಉದ್ರಿ 15 ದಿನ ಎಂದುಕೊಳ್ಳಿ: ಮುಕ್ಕಾಲು ಮಾಲು ಕಪಾಟಿನಲ್ಲಿರುವಾಗಲೇ ಪೂರ್ತಿ ಬಿಲ್ಲು ಕಟ್ಟಬೇಕು. ಅಷ್ಟರೊಳಗೆ ಬಿಸ್ಕಿಟು ಮೆತ್ತಗಾಗದಿದ್ದರೆ ಪುಣ್ಯ. ಕಾಂಪೋಸಿಷನ್‌ನಲ್ಲಿ (ಸಣ್ಣ ವ್ಯಾಪಾರಿಗಳು ವಹಿವಾಟಿನ ಮೇಲೆ ಒಂದೇ ದರದ ತೆರಿಗೆ ಕಟ್ಟುವ ಜಿಎಸ್‌ಟಿ ಪದ್ಧತಿ) ಇರುವವರಿಗೆ ಖರೀದಿ ಬಿಲ್ಲಿನಲ್ಲಿ ಕಟ್ಟಿದ ಜಿಎಸ್‌ಟಿಗೆ ಕ್ರೆಡಿಟ್ ಸಿಗುವುದಿಲ್ಲ, ಅದನ್ನೂ ಖರೀದಿ ದರಕ್ಕೇ ಸೇರಿಸಿ ನೋಡಿ.

ಘಟ್ಟದ ಮೇಲಿಂದ ಬರುವ ಮಾಲಿಗೆ ದರಕ್ಕಿಂತ ದಿನ ಮುಖ್ಯ. ಸಕ್ಕರೆ ದಿನಕ್ಕೆ 20 ಕೆಜಿ ಹೋಗುತ್ತದೆ, ಫೋನ್ ಮಾಡಿದ ಮೇಲೆ ಲಾರಿ ಬರಲು 4 ದಿನ, ಕೈಗಾವಲಿಗೆ, ಅಂದರೆ ಲಾರಿ ತಡವಾದರೆ ಇರಲಿ ಎಂದು, 3 ದಿನ: ಒಟ್ಟು 140 ಕೆಜಿ. 50 ಕೆಜಿಯ ಮೂರು ಚೀಲ ಉಳಿದಾಗಲೇ ಆರ್ಡರ್ ಹೋಗಬೇಕು. ಜುಲೈನಲ್ಲಿ ಈ ಕೈಗಾವಲನ್ನು 8 ದಿನಕ್ಕೆ ಏರಿಸಿ, ಐದು ಚೀಲ ಉಳಿದಾಗಲೇ ಫೋನ್ ಮಾಡಿ. 2024ರ ಜುಲೈ 16ರಂದು ಅಂಕೋಲಾ ಹತ್ತಿರದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ 66 ಬಂದಾದದ್ದು ನೆನಪಿದ್ದವರಿಗೆ ಕಾರಣ ಹೇಳಬೇಕಿಲ್ಲ. ಆದರೆ ಸಕ್ಕರೆ, ಬೆಲ್ಲ, ಉಪ್ಪು ಮಳೆಗಾಲದಲ್ಲಿ ನೀರು ಎಳೆಯುತ್ತವೆ. ಚೀಲ ಹಲಗೆಯ ಮೇಲಿರಲಿ, ಗೋಡೆಯಿಂದ ಒಂದು ಗೇಣು ದೂರ. ಹಪ್ಪಳ, ಬಿಸ್ಕಿಟು ಮಾತ್ರ ಆಗ ಕಡಿಮೆಯೇ ತರಿಸಿ.

ಇನ್ನೊಂದು ತೊಡಕು ಇದೇ ಹೊತ್ತಿಗೆ ಬರುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಮೀನುಗಾರರ ಕೇರಿಯ ಅಂಗಡಿಯಲ್ಲಿ ಉದ್ರಿ ಪುಸ್ತಕ ದಪ್ಪವಾಗುತ್ತದೆ, ಗಲ್ಲಾ ಖಾಲಿಯಾಗುತ್ತದೆ. ಹಾಗಾಗಿ ನಿಮ್ಮ ಬಿಲ್ಲಿನ ಗಡುವು ಮುಂದೂಡುವ ಮಾತು ಹೋಲ್‌ಸೇಲ್‌ನವರ ಹತ್ತಿರ ಮೇ ತಿಂಗಳಲ್ಲೇ ಆಡಿ. ಬಾಕಿ ಬಿದ್ದ ಮೇಲೆ ಕೇಳಿದರೆ ಅವರು ಮುಂದಿನ ಲೋಡನ್ನೇ ತಡೆಯುತ್ತಾರೆ.

ಮಾಲು ಇಳಿಸುವಾಗ ಹೊಲಿಗೆ, ತೂಕ, ಎಕ್ಸ್‌ಪೈರಿ ನೋಡಿಯೇ ಸಹಿ ಹಾಕಿ. ಹರಿದ ಚೀಲ ಇದ್ದರೆ ಬಿಲ್ಲಿನ ಎರಡೂ ಪ್ರತಿಯಲ್ಲಿ ‘1 ಚೀಲ ಹರಿದಿದೆ, 3 ಕೆಜಿ ಕಡಿಮೆ’ ಅಂತ ಬರೆದು ಡ್ರೈವರನ ಸಹಿ ತೆಗೆದುಕೊಳ್ಳಿ. ಲಾರಿ ಹೋದ ಮೇಲೆ ಫೋನ್ ಮಾಡಿದರೆ ಆ ಕಡೆಯಿಂದ ಬರುವುದು ‘ನೋಡ್ತೇವ್ರೀ’ ಒಂದೇ.