ತಾರಸಿ ಮೇಲೆ ಮಂಡ್ಯದಿಂದ ಮೈಸೂರಿಗೆ

ನಾನು ಬಸ್ ಕಂಡಕ್ಟರ್. ಹದಿನಾರು ವರ್ಷದ ಸರ್ವಿಸಿನಲ್ಲಿ ಹೆಚ್ಚು ಓಡಿರೋದು ಮಂಡ್ಯ–ಮೈಸೂರು ರೂಟಿನಲ್ಲಿ. ನಿಂತ ಬಸ್ಸಿನಲ್ಲಿ ಟಿಕೆಟ್ ಕೊಡೋದು ಯಾರಿಗಾದರೂ ಬರುತ್ತೆ. ಓಡೋ ಬಸ್ಸಿನಲ್ಲಿ, ಕಾಲಿಡೋಕೂ ಜಾಗ ಇಲ್ಲದ ಕಡೆ, ಸೊಂಟವನ್ನ ಸೀಟಿನ ಕಂಬಿಗೆ ಆನಿಸಿಕೊಂಡು, ಒಂದು ಕೈಯಲ್ಲಿ ಮೆಷಿನ್ನು, ಇನ್ನೊಂದು ಕೈಯ ಬೆರಳ ಸಂದಿಯಲ್ಲಿ ನೋಟು ಹಿಡಿದು ಹಿಂದಿನಿಂದ ಮುಂದಕ್ಕೆ, ಮುಂದಿನಿಂದ ಹಿಂದಕ್ಕೆ ಓಡಾಡೋದೇ ನಮ್ಮ ಕೆಲಸ. ಒಂದು ದಿನ ಮೊಬೈಲಿನಲ್ಲಿ ಹೆಜ್ಜೆ ಎಣಿಸೋ ಆಪ್ ಹಾಕಿ ನೋಡಿದ್ದೆ. ಡ್ಯೂಟಿ ಮುಗಿಸಿ ಡಿಪೋದಲ್ಲಿ ದುಡ್ಡು ಕಟ್ಟೋ ಹೊತ್ತಿಗೆ 11,000 ದಾಟಿತ್ತು. ಅದನ್ನ ವ್ಯಾಯಾಮ ಅಂತ ನಾನು ಯಾವತ್ತೂ ಅಂದುಕೊಂಡಿರಲಿಲ್ಲ. ಕಾಲು ನೋವು ಅಂತ ರಾತ್ರಿ ಬಿಸಿನೀರಿಗೆ ಉಪ್ಪು ಹಾಕಿ ಪಾದ ಇಟ್ಟುಕೊಂಡು ಕೂತಿರುತ್ತಿದ್ದೆ, ಅಷ್ಟೇ. ಅದು ನನ್ನ ತಲೆಯನ್ನೂ ನೆಟ್ಟಗೆ ಇಟ್ಟಿತ್ತು ಅಂತ ಗೊತ್ತಾಗಿದ್ದು ಬಸ್ಸು ನಿಂತ ಮೇಲೆ.

2020ರ ಮಾರ್ಚ್ 22ರ ಜನತಾ ಕರ್ಫ್ಯೂ, ಅದರ ಹಿಂದೆಯೇ ಲಾಕ್‌ಡೌನು. ಮೊದಲ ಸಲ ನನಗೆ ಅಷ್ಟೇನೂ ತಟ್ಟಲಿಲ್ಲ. ವರ್ಷಗಟ್ಟಲೆ ಬಾಕಿ ಇದ್ದ ನಿದ್ದೆ ತೀರಿಸಿಕೊಂಡೆ. ಮನೆಗೆ ಸುಣ್ಣ ಹೊಡೆದೆ. ಮೇ 19ಕ್ಕೆ ಬಸ್ಸಿಗೆ 30 ಜನ ಅನ್ನೋ ಲೆಕ್ಕದಲ್ಲಿ ಮತ್ತೆ ಓಡೋಕೆ ಶುರುವಾಯ್ತು. ಪ್ಯಾಸೆಂಜರ್ ಕಮ್ಮಿ ಇದ್ದರೂ ಡ್ಯೂಟಿ ಅನ್ನೋದು ಇತ್ತು.

ಎರಡನೇದೇ ನನ್ನನ್ನ ಬೀಳಿಸಿದ್ದು. 2021ರ ಏಪ್ರಿಲ್‌ನಲ್ಲಿ ಎರಡು ವಾರ ಸಾರಿಗೆ ನೌಕರರ ಮುಷ್ಕರ ಆಯ್ತು. ಅದು ಮುಗಿದು ಒಂದು ವಾರ ಆಗೋಷ್ಟರಲ್ಲಿ, 27ರ ರಾತ್ರಿಯಿಂದ ಮತ್ತೆ ಎಲ್ಲ ಬಂದ್. ಮೇ 10ರಿಂದ ಇನ್ನೂ ಬಿಗಿ. ಬೆಳಿಗ್ಗೆ 6ರಿಂದ 10ರವರೆಗೆ ಸಾಮಾನು ತರಬಹುದು, ಅದೂ ನಡೆದುಕೊಂಡು ಹೋಗಿ. ನಮ್ಮದು ನೂರಡಿ ರಸ್ತೆಯ ಹಿಂದಿನ ಬೀದಿ, ಮೊದಲನೇ ಮಹಡಿಯ ಬಾಡಿಗೆ ಮನೆ. ಕೆಳಗೆ ಆಂಬುಲೆನ್ಸ್ ಸದ್ದು ಕೇಳಿದರೆ ಯಾವ ಕಡೆಗೆ ಹೋಯ್ತು ಅಂತ ಕಿವಿಗೊಟ್ಟು ಕೂರುತ್ತಿದ್ದೆ. ಡಿಪೋದ ವಾಟ್ಸಾಪ್ ಗ್ರೂಪಿನಲ್ಲಿ ದಿನ ಬಿಟ್ಟು ದಿನ ಯಾರದ್ದಾದರೂ ಫೋಟೋ ಬರೋದು, ಅದರ ಕೆಳಗೆ ಸಾಲಾಗಿ ಕೈಮುಗಿದ ಚಿತ್ರಗಳು.

ಮೈ ಸುಮ್ಮನೆ ಕೂತರೆ ಮನಸ್ಸೂ ಸುಮ್ಮನೆ ಕೂರುತ್ತೆ ಅಂತ ಅಂದುಕೊಂಡಿದ್ದೆ. ಆಗಿದ್ದು ಅದಲ್ಲ. ರಾತ್ರಿ ಮೂರೂವರೆಗೆ ಎಚ್ಚರ ಆಗೋದು, ಮೊದಲನೇ ಶಿಫ್ಟಿಗೆ ಏಳ್ತಿದ್ದ ಹೊತ್ತು ಅದು. ಎದ್ದು ಮಾಡೋಕೆ ಏನೂ ಇಲ್ಲ. ಹಾಗೇ ಮಲಗಿ ಮೊಬೈಲು ನೋಡೋದು. ಆಕ್ಸಿಜನ್ ಇಲ್ಲ, ಬೆಡ್ ಇಲ್ಲ ಅನ್ನೋ ಸುದ್ದಿಗಳೇ. ಎದೆ ಡವಡವ ಅನ್ನೋದು. ಬೆಳಗಾದ ಮೇಲೆ ಸ್ನಾನ ಬೇಡ, ಗಡ್ಡ ಬೇಡ, ಯಾರ ಫೋನೂ ಬೇಡ. ಒಂದು ಸಂಜೆ ಆ ಹೆಜ್ಜೆ ಎಣಿಸೋ ಆಪ್ ತೆಗೆದು ನೋಡಿದೆ: 640. ಇಡೀ ದಿನಕ್ಕೆ.

ಆ ವಾರದಲ್ಲೇ ಮಗಳ ಮೇಲೆ ಕೂಗಾಡಿದ್ದು. ಅವಳಿಗಾಗ ಒಂಬತ್ತು ವರ್ಷ. ಹಾಲಿನಲ್ಲಿ ಕೂತು ಪೆನ್ಸಿಲ್ ಕೆತ್ತಿದ್ದಳು, ಸಿಪ್ಪೆ ಚಾಪೆ ಮೇಲೆ ಬಿದ್ದಿತ್ತು. ಅಷ್ಟಕ್ಕೇ ನಾನು ಅವಳ ಬಣ್ಣದ ಪೆನ್ಸಿಲ್ ಡಬ್ಬಿ ಎತ್ತಿ ಗೋಡೆಗೆ ಎಸೆದೆ. ಅವಳು ಅಳಲಿಲ್ಲ. ಮಂಡಿಯೂರಿಕೊಂಡು ಒಂದೊಂದೇ ಆರಿಸಿ, ಡಬ್ಬಿಗೆ ಹಾಕುವಾಗ ಪಿಸುದನಿಯಲ್ಲಿ ಎಣಿಸಿದಳು. ಹನ್ನೊಂದಾಯ್ತು. ಹನ್ನೆರಡನೇದು, ಹಸಿರು, ಸೋಫಾ ಕೆಳಗೆ ಹೋಗಿತ್ತು. ಅದನ್ನ ಕೇಳೋಕೂ ಹೆದರಿ ನನ್ನ ಮುಖ ನೋಡಿದಳಲ್ಲ, ಆ ನೋಟ ನನಗೆ ಇವತ್ತಿಗೂ ಮರೆತಿಲ್ಲ. ನನ್ನ ಹೆಂಡತಿ ಅವಳನ್ನ ಒಳಗೆ ಕಳಿಸಿ, ಬಾಗಿಲು ಮುಂದಕ್ಕೆ ಮಾಡಿ ಹೇಳಿದಳು: "ರೀ, ನಿಮಗೆ ಹುಷಾರಿಲ್ಲ. ಕೋಪ ಅಲ್ಲ ಇದು. ಯಾರ ಹತ್ರಾನಾದ್ರೂ ಮಾತಾಡಿ."

ಒಂದು ಸಹಾಯವಾಣಿಗೆ ಫೋನ್ ಮಾಡಿದೆ. ಮಾತಾಡಿದ ಮೇಡಮ್ಮು ಮೊದಲು ನಿದ್ದೆ ಕೇಳಿದರು, ಊಟ ಕೇಳಿದರು. ಸಾಯಬೇಕು ಅನ್ನೋ ಯೋಚನೆ ಬರುತ್ತಾ ಅಂತ ನೇರವಾಗಿ ಕೇಳಿದರು. ಇಲ್ಲ ಅಂದೆ. ಆಮೇಲೆ, "ನಿಮ್ಮ ಕೆಲಸದಲ್ಲಿ ದಿನಕ್ಕೆ ಎಷ್ಟು ಹೊತ್ತು ಓಡಾಡ್ತಿದ್ರಿ, ಈಗ ಎಷ್ಟು ಹೊತ್ತು ಕೂತಿರ್ತೀರಿ?" ಅಂದರು. ಆ ಪ್ರಶ್ನೆ ನಾನು ಎದುರು ನೋಡಿರಲಿಲ್ಲ. ಉತ್ತರ ಹೇಳ್ತಾ ಹೇಳ್ತಾ ನನಗೇ ವಿಷಯ ಅರ್ಥ ಆಗ್ತಾ ಹೋಯ್ತು. ದಿನಾ ಒಂದೇ ಹೊತ್ತಿಗೆ ಏಳಿ, ಬೆಳಗಿನ ಬಿಸಿಲಿನಲ್ಲಿ ಅರ್ಧ ಗಂಟೆ ನಡೀರಿ, ಸುದ್ದಿ ನೋಡೋಕೆ ಒಂದು ಹೊತ್ತು ಮಾತ್ರ ಇಟ್ಟುಕೊಳ್ಳಿ, ಎರಡು ವಾರ ಬಿಟ್ಟು ಮತ್ತೆ ಫೋನ್ ಮಾಡಿ, ಆಗಲೂ ಹೀಗೇ ಇದ್ದರೆ ಡಾಕ್ಟರನ್ನ ನೋಡಲೇಬೇಕು ಅಂದರು.

ಅಪ್ಪನೂ ಅದನ್ನೇ ಹೇಳಿದ್ದ, ಅವನ ಮಾತಿನಲ್ಲಿ. ಅಪ್ಪ ಊರಲ್ಲಿ ಗದ್ದೆ ಮಾಡ್ತಾನೆ. ಬೇಸಾಯಕ್ಕೆ ತಡೆ ಇರಲಿಲ್ಲವಾದ್ದರಿಂದ ಅವನ ದಿನ ಎಂದಿನಂತೆ ನಾಲೆ ನೀರು, ಬದು, ಹುಲ್ಲು ಅಂತಲೇ ನಡೀತಿತ್ತು. "ಏನ್ಲಾ ಮಾಡ್ತಿದ್ದೀಯೆ?" ಅಂತ ಫೋನಿನಲ್ಲಿ ಕೇಳಿದ. ಕುಂತಿದ್ದೀನಿ ಕಣಪ್ಪ ಅಂದೆ. "ಕೊಟ್ಟಿಗೇಲೇ ಕಟ್ಟಾಕಿದ್ರೆ ಎತ್ತು ಮೇವು ಬುಡ್ತದೆ ಕಣ್ಲಾ. ಎದ್ದು ವಸಿ ಕಾಲಾಡ್ಸು" ಅಂದ.

ಎಲ್ಲಿ ನಡೆಯೋದು? ಸರ್ ಎಂ.ವಿ. ಸ್ಟೇಡಿಯಂ ಬಂದ್. ರಸ್ತೆಗೆ ಇಳಿದರೆ ಪೊಲೀಸರು ಕೇಳ್ತಾರೆ. ಉಳಿದಿದ್ದು ತಾರಸಿ. ಓನರ್ ಆಂಟಿ ಹತ್ರ ಬೀಗದ ಕೈ ಕೇಳಿದಾಗ, "ಅದಕ್ಕೇನಂತೆ, ನಡೀಪ್ಪ, ಹಪ್ಪಳ ಮಾತ್ರ ತುಳೀಬೇಡ" ಅಂದರು. ಟೇಪು ಹಿಡಿದು ಅಳೆದೆ. ಉದ್ದ 32 ಅಡಿ. ಒಂದು ಸಲ ಹೋಗಿ ಬಂದರೆ 64. ಒಂದು ಕಿಲೋಮೀಟರಿಗೆ 51 ಸುತ್ತು ಮತ್ತೆ ಚೂರು. ದಿನಕ್ಕೆ ಎರಡು ಕಿಲೋಮೀಟರ್ ಅಂತ ಇಟ್ಟುಕೊಂಡೆ.

ಮೊದಲ ದಿನ ಹದಿನೈದು ಸುತ್ತಿಗೇ ಬೇಜಾರು ಬಂತು. ನೋಡಿದ್ದನ್ನೇ ನೋಡೋದು: ಸಿಂಟೆಕ್ಸ್ ಟ್ಯಾಂಕು, ತಂತಿ ಮೇಲಿನ ಬಟ್ಟೆ, ಪಕ್ಕದ ಮನೆಯ ತೆಂಗಿನ ಗರಿ. ಎರಡನೇ ದಿನ ಮಗಳು ಮೇಲೆ ಬಂದು ಟ್ಯಾಂಕಿನ ಕಟ್ಟೆ ಮೇಲೆ ಕೂತಳು. ಪೆನ್ಸಿಲ್ ಡಬ್ಬಿ ಎಸೆದ ಮೇಲೆ ಅವಳಾಗಿ ನನ್ನ ಹತ್ತಿರ ಬಂದಿದ್ದು ಅದೇ ಮೊದಲು. "ಅಪ್ಪ, ಈಗ ಎಲ್ಲಿಗೆ ಬಂದ್ರಿ?" ಅಂದಳು. ಬಾಯಿಗೆ ಬಂದಂತೆ "ಇಂಡುವಾಳು ಇನ್ನೂ ದೂರ ಇದೆ" ಅಂದೆ. ಅಲ್ಲಿಂದ ಶುರುವಾಯ್ತು. ಮಂಡ್ಯದಿಂದ ಮೈಸೂರಿಗೆ 45 ಕಿಲೋಮೀಟರ್. ದಿನಕ್ಕೆ ಎರಡರ ಹಾಗೆ 23 ದಿನ. ಇಂಡುವಾಳು, ತೂಬಿನಕೆರೆ, ಗಣಂಗೂರು, ಕಿರಂಗೂರು, ಬಾಬುರಾಯನಕೊಪ್ಪಲು, ಶ್ರೀರಂಗಪಟ್ಟಣ, ಸಿದ್ದಲಿಂಗಪುರ. ಸ್ಟೇಜುಗಳೆಲ್ಲ ನನಗೆ ಬಾಯಿಪಾಠ.

ಅವಳು ಹಳೇ ನೋಟ್‌ಬುಕ್ಕಿನ ಹಾಳೆ ಕತ್ತರಿಸಿ ಟಿಕೆಟ್ ಮಾಡಿದಳು. ಕೈವಾರದ ಮುಳ್ಳಿನಿಂದ ಒಂದು ತೂತು. ನಾನು ಮೆಟ್ಟಿಲು ಹತ್ತಿ ಬಂದ ತಕ್ಷಣ ಅಡ್ಡ ನಿಂತು "ಟಿಕೆಟ್ ತಗೊಳ್ಳಿ ಸಾರ್, ಚಿಲ್ಲರೆ ಕೊಡಿ" ಅನ್ನೋಳು. ಪುಟ್ಟೀ, ನಾನು ಸ್ಟಾಫು ಕಣೇ ಅಂದರೆ, "ಹಾಗಾದ್ರೆ ಪಾಸ್ ತೋರ್ಸಿ." ಕೆಳಗೆ ಹೋಗಿ ನಿಜವಾದ ಪಾಸ್ ತಂದು ತೋರಿಸಿದ ಮೇಲೇ ಬಿಟ್ಟಿದ್ದು. ಹಸಿರು ಪೆನ್ಸಿಲಿನಿಂದ ಸುತ್ತಿಗೊಂದು ಗೆರೆ ಎಳೆದು ಲೆಕ್ಕ ಇಟ್ಟಳು. ನಾನು ತಪ್ಪಿಸೋ ಹಾಗಿರಲಿಲ್ಲ.

ನಾಲ್ಕೈದು ದಿನಕ್ಕೆ ನಿದ್ದೆ ಒಂದಿಷ್ಟು ಸುಧಾರಿಸಿತು. ಮೂರೂವರೆ ಹೋಗಿ ಐದಾಯ್ತು. ಬೆಳಗಿನ ಬೆಳಕು ಕಣ್ಣಿಗೆ ಬಿದ್ದರೆ ಮೈಯೊಳಗಿನ ಗಡಿಯಾರ ಹಾದಿಗೆ ಬರುತ್ತೆ, ಹಗಲು ಮೈ ದಣಿದರೆ ರಾತ್ರಿ ನಿದ್ದೆ ಆಳವಾಗಿ ಬರುತ್ತೆ, ನಿದ್ದೆ ಸರಿಹೋದರೆ ಆತಂಕ ತಗ್ಗುತ್ತೆ. ಇದನ್ನೆಲ್ಲ ಆಮೇಲೆ ಓದಿ ತಿಳಿದುಕೊಂಡೆ. ವಿಶ್ವ ಆರೋಗ್ಯ ಸಂಸ್ಥೆ 2020ರ ನವೆಂಬರ್‌ನಲ್ಲಿ, ಅಂದರೆ ಕೋವಿಡ್ ನಡುವೆಯೇ, ದೊಡ್ಡವರಿಗೆ ವಾರಕ್ಕೆ 150ರಿಂದ 300 ನಿಮಿಷ ಚುರುಕು ನಡಿಗೆಯಂಥ ಶ್ರಮ ಬೇಕು ಅಂತ ಹೇಳಿತ್ತು. ಅಷ್ಟು ಆಗದಿದ್ದರೂ ಆದಷ್ಟು ಮಾಡಿ, ಏನೂ ಇಲ್ಲದಿರೋದಕ್ಕಿಂತ ಮೇಲು ಅಂತಲೂ ಅದರಲ್ಲೇ ಇದೆ. ನನಗೆ ಹಿಡಿಸಿದ್ದು ಆ ಎರಡನೇ ಮಾತು. ಮೊದಲ ವರ್ಷದಲ್ಲೇ ಪ್ರಪಂಚದಲ್ಲಿ ಆತಂಕ ಮತ್ತು ಖಿನ್ನತೆ ಶೇ. 25ರಷ್ಟು ಹೆಚ್ಚಿದವು ಅಂತ 2022ರಲ್ಲಿ ಅದೇ ಸಂಸ್ಥೆ ಹೇಳಿದಾಗ, ಆ ಲೆಕ್ಕದಲ್ಲಿ ನಾನೂ ಒಬ್ಬ ಅಂತ ಅನಿಸಿತು. ಹೆಂಗಸರಿಗೆ ಹೆಚ್ಚು ಪೆಟ್ಟು ಬಿತ್ತು ಅಂತಲೂ ಅದು ಹೇಳಿತ್ತು. ನನ್ನ ಮನೆಯಲ್ಲೇ ಅದು ಕಾಣಿಸುತ್ತಿತ್ತು, ನಾನು ನೋಡಿರಲಿಲ್ಲ. ನನ್ನ ಹೆಂಡತಿ ಇಡೀ ದಿನ ನಿಂತೇ ಇರುತ್ತಿದ್ದಳು. ಮೂರು ಹೊತ್ತಿನ ಅಡಿಗೆ, ಪಾತ್ರೆ, ತಂದ ಸೊಪ್ಪನ್ನೆಲ್ಲ ಉಪ್ಪುನೀರಿನಲ್ಲಿ ತೊಳೆಯೋದು. ಮೈ ದಣೀತಿತ್ತು, ಮನಸ್ಸಿಗೆ ಬಿಡುವಿರಲಿಲ್ಲ. ಮನೆಕೆಲಸ ಮಾಡ್ತಾರಲ್ಲ, ಅವರಿಗೆ ವಾಕಿಂಗ್ ಯಾಕೆ ಅನ್ನೋ ಗಂಡಸರಿಗೆ ನನ್ನದೊಂದು ಕೋರಿಕೆ: ಸಂಜೆಯ ಪಾತ್ರೆ ನೀವು ತೊಳೀರಿ, ಅವರನ್ನ ಮೇಲೆ ಕಳಿಸಿ. ನಾನು ಹಾಗೆ ಮಾಡಿದ ಮೊದಲ ಸಂಜೆ ಅವಳು ಒಬ್ಬಳೇ ತಾರಸಿಯಲ್ಲಿ ಮುಕ್ಕಾಲು ಗಂಟೆ ಇದ್ದಳು. ಇಳಿದು ಬಂದಾಗ ಏನೂ ಹೇಳಲಿಲ್ಲ, ಹಳೇ ಹಾಡೊಂದನ್ನ ಗುನುಗ್ತಾ ಒಗ್ಗರಣೆ ಹಾಕಿದಳು.

ನಾವು ಗಣಂಗೂರಿಗೆ ಹತ್ತಿರ ಇದ್ದಾಗ ನಮ್ಮ ಡ್ರೈವರ್ ಅಣ್ಣನಿಗೆ ಕೋವಿಡ್ ಬಂತು. ಆರು ವರ್ಷ ಒಂದೇ ಬಸ್ಸಿನಲ್ಲಿ ಕೆಲಸ ಮಾಡಿದವರು ನಾವು. ಮನೆಯಲ್ಲೇ ಇದ್ದರು, ರಕ್ತದಲ್ಲಿ ಆಕ್ಸಿಜನ್ ಎಷ್ಟಿದೆ ಅಂತ ತೋರಿಸೋ, ಬೆರಳಿಗೆ ಸಿಕ್ಕಿಸೋ ಆಕ್ಸಿಮೀಟರ್ ಕೊಟ್ಟಿದ್ದರು. ಆರು ನಿಮಿಷ ರೂಮಿನಲ್ಲೇ ನಡೆದು ನೋಡಬೇಕು, ಅಂಕಿ 94ಕ್ಕಿಂತ ಕೆಳಗೆ ಇಳಿದರೆ ಆಸ್ಪತ್ರೆಗೆ ಬರಬೇಕು ಅಂತ ಡಾಕ್ಟರು ಹೇಳಿದ್ದರು. ಒಬ್ಬರೇ ನಡೆಯೋಕೆ ಅಣ್ಣನಿಗೆ ಭಯ. ಆ ಆರು ನಿಮಿಷ ಫೋನಿನಲ್ಲಿ ನಾನು ಜೊತೆಗಿರುತ್ತಿದ್ದೆ. ಅಲ್ಲಿ ಅವರ ಚಪ್ಪಲಿ ಸದ್ದು, ಇಲ್ಲಿ ನನ್ನದು. ಇಬ್ಬರೂ ಮಾತಾಡ್ತಿರಲಿಲ್ಲ. ಕೊನೆಗೆ ಅವರು ಅಂಕಿ ಹೇಳೋರು. "ತೊಂಬತ್ತಾರು." ಮತ್ತೆ ಮಾರನೇ ದಿನ. ಒಂದು ದಿನ ತೊಂಬತ್ನಾಲ್ಕು ಅಂದಾಗ ನನ್ನ ಕಾಲು ಅಲ್ಲೇ ನಿಂತಿತು. ಐದು ನಿಮಿಷ ಬಿಟ್ಟು ಮತ್ತೆ ನೋಡಿದಾಗ ತೊಂಬತ್ತೈದು.

ಕಾಯಿಲೆ ವಾಸಿ ಆಯ್ತು, ಶಕ್ತಿ ಬರಲಿಲ್ಲ. ಮೆಟ್ಟಿಲು ಹತ್ತಿದರೆ ಏದುಸಿರು. ಇನ್ನು ಸ್ಟೇರಿಂಗ್ ಹಿಡಿಯೋಕೆ ಆಗಲ್ಲ ಅಂತ ಅತ್ತರು. ಅಣ್ಣ ಅತ್ತಿದ್ದು ನಾನು ಕೇಳಿದ್ದು ಅದೊಂದೇ ಸಲ. ನನಗೆ ಒಳ್ಳೇದಾಗಿದ್ದು ಅವರಿಗೂ ಆಗಲಿ ಅಂತ ಬೇಗ ಬೇಗ ನಡೀರಿ ಅನ್ನೋಕೆ ಹೊರಟಿದ್ದೆ. ಅವರ ಡಾಕ್ಟರು ತಡೆದಿದ್ದು ಒಳ್ಳೇದಾಯ್ತು. ಕೋವಿಡ್ ಆದವರು ಮೈಯನ್ನ ಒತ್ತಾಯ ಮಾಡಬಾರದು, ಐದು ನಿಮಿಷದಿಂದ ಶುರು ಮಾಡಿ ನಿಧಾನಕ್ಕೆ ಏರಿಸಬೇಕು, ಎದೆನೋವು, ತಲೆಸುತ್ತು ಬಂದರೆ ಅಲ್ಲೇ ನಿಲ್ಲಿಸಿ ಬಂದು ತೋರಿಸಬೇಕು ಅಂದರಂತೆ. ಅಣ್ಣ ಹಾಗೇ ಮಾಡಿದರು. ವಾರಕ್ಕೆ ಒಂದೆರಡು ನಿಮಿಷ ಏರಿಸಿದರು.

ಎರಡು ವಾರಕ್ಕೆ, ಶ್ರೀರಂಗಪಟ್ಟಣ ಮುಟ್ಟಿದ ದಿನ, ಆ ಮೇಡಮ್ಮಿಗೆ ಮತ್ತೆ ಫೋನ್ ಮಾಡಿದೆ. ನನಗೆ ಮಾತ್ರೆ ಬೇಕಾಗಲಿಲ್ಲ. ಅದಕ್ಕೇ ಇದನ್ನ ಒತ್ತಿ ಹೇಳ್ತೀನಿ: ಎಲ್ಲರಿಗೂ ನಡಿಗೆ ಒಂದೇ ಸಾಕಾಗಲ್ಲ. ನಮ್ಮ ಡಿಪೋದ ಇನ್ನೊಬ್ಬರ ಮನೆಯವರಿಗೆ ಹಾಸಿಗೆಯಿಂದ ಏಳೋಕೇ ಆಗ್ತಿರಲಿಲ್ಲ. ಅವರಿಗೆ ಎದ್ದು ವಾಕಿಂಗ್ ಮಾಡು ಅಂದರೆ ಗಾಯದ ಮೇಲೆ ಬರೆ ಎಳೆದ ಹಾಗೆ. ಅವರು ಡಾಕ್ಟರ ಹತ್ತಿರ ಹೋಗಿ ಮಾತ್ರೆ ತಗೊಂಡರು, ಎರಡು ತಿಂಗಳಾದ ಮೇಲೆ ಅವರಾಗಿಯೇ ಹೊರಗೆ ಬಂದರು. ಈಗ 14416ಕ್ಕೆ ಫೋನ್ ಮಾಡಿದರೆ ಟೆಲಿ ಮಾನಸ್ ಅನ್ನೋ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಸಿಗುತ್ತೆ. 2022ರ ಅಕ್ಟೋಬರ್‌ನಲ್ಲಿ ಶುರುವಾಗಿದ್ದು. ಹಗಲೂ ರಾತ್ರಿ ಇರುತ್ತೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಮೂರೂವರೆಗೆ ಎಚ್ಚರ ಆಗೋರು ಈ ನಂಬರನ್ನ ಫೋನಿನಲ್ಲಿ ಇಟ್ಟುಕೊಳ್ಳಿ.

ಇಪ್ಪತ್ಮೂರನೇ ದಿನ ತಾರಸಿಯಲ್ಲಿ ಮೈಸೂರು ಬಂತು. ಮಗಳು ಟ್ಯಾಂಕಿನ ಕಟ್ಟೆಯಿಂದ "ಸಬರ್ಬನ್ ಸ್ಟ್ಯಾಂಡ್, ಎಲ್ಲ ಇಳೀರಿ" ಅಂತ ಕೂಗಿದಳು. ನಿಜವಾದ ಬಸ್ಸಿಗೆ ಇನ್ನೂ ಕಾಯಬೇಕಿತ್ತು. ಜೂನ್ 14ರಂದು 19 ಜಿಲ್ಲೆಗಳಿಗೆ ಸಡಿಲಿಕೆ ಸಿಕ್ಕಾಗಲೂ ಮಂಡ್ಯ, ಮೈಸೂರು ಎರಡೂ ಉಳಿದ 11ರ ಪಟ್ಟಿಯಲ್ಲೇ ಇದ್ದವು. ನಾವು ವಾಪಸ್ ಮಂಡ್ಯದ ಕಡೆ ಹೊರಟೆವು, ಅವಳು ಹೊಸ ಟಿಕೆಟ್ ಹರಿದಳು.

ಅಣ್ಣ ಮತ್ತೆ ಡ್ಯೂಟಿಗೆ ಬಂದರು, ಈಗ ರಿಟೈರೂ ಆಗಿದ್ದಾರೆ. ನನ್ನ ವೀಕ್ಲಿ ಆಫ್ ದಿನ ಬೆಳಿಗ್ಗೆ ಅವರೂರಿಗೆ ಹೋಗ್ತೀನಿ, ಇಬ್ಬರೂ ನಾಲೆ ಏರಿ ಮೇಲೆ ನಡೀತೀವಿ. ನನಗಿಂತ ಅವರೇ ಚುರುಕು. ಸೇತುವೆ ಹತ್ತಿರ ನಿಂತು ಹಿಂದಕ್ಕೆ ತಿರುಗಿ ನೋಡದೆ ಕಾಯ್ತಾ ಇರ್ತಾರೆ. ನಾನು ಹತ್ತಿರ ಬಂದು "ರೈಟ್" ಅಂದ ಮೇಲೇ ಮುಂದಕ್ಕೆ ಹೊರಡೋದು.